ಮಂಜಿನೊಳಗೆ ಅವ್ವನ ದನಿ

ಗಡಿಯಾಚೆ ತಮಿಳುನಾಡಿಗೆ ಸೇರಿದ ತಿಗನಾರೆಯ ನಮ್ಮ ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ರಾಗಿ ಹೊಲ ದಾಟಿ, ಕಾಡಿನಂಚಿನ ಬಂಡೆ ಹತ್ತಬೇಕು. ಕಾಲೇಜಿಗೆ ರಜೆ ಬಂದರೆ ಭಾನುವಾರ ಸಂಜೆ ನಾನು ಅಲ್ಲೇ ಹೋಗಿ ಕೂರುತ್ತಿದ್ದೆ. ನಾವು ಕೆಲವು ವಿದ್ಯಾರ್ಥಿಗಳು ಸೇರಿ ಆನ್‌ಲೈನಿನಲ್ಲಿ ಪುಸ್ತಕಗಳ ಬಗ್ಗೆ ಮಾತಾಡುವ ಕೂಟವೊಂದನ್ನು ಮಾಡಿಕೊಂಡಿದ್ದೆವು. ಮಾತೆಲ್ಲ ತಮಿಳಿನಲ್ಲಿ.

ಆ ವಾರ ಓದಿದ್ದು ಒಬ್ಬ ಪರ್ವತಾರೋಹಿಯ ನೆನಪುಗಳನ್ನು. ಹಿಮಗಾಳಿಗೆ ಸಿಕ್ಕಿ ಜೊತೆಯವರೆಲ್ಲ ಸತ್ತು, ಅವನೊಬ್ಬನೇ ಕೆಳಗಿಳಿದು ಬಂದಿದ್ದ. ಇಳಿಯುವಾಗ ಪಕ್ಕದಲ್ಲಿ ಯಾರೋ ನಡೆಯುತ್ತಿದ್ದರಂತೆ. ಮುಖ ಕಾಣದು. ಎಲ್ಲಿ ಕಾಲಿಡಬಾರದೆಂದು ಮಾತ್ರ ಹೇಳುವುದು. ಸುಸ್ತಾಗಿ ಕಲ್ಲಿನ ಮರೆಯಲ್ಲಿ ಕೂತಾಗ ಅದಕ್ಕೂ ಜಾಗವಾಗಲೆಂದು ಅವನು ಸರಿದು ಕೂತಿದ್ದನಂತೆ.

"ಉಸಿರಾಡೋಕೆ ಗಾಳಿ ಸಾಲದೆ ಹೋದ್ರೆ ಮೆದುಳು ಹೀಗೆಲ್ಲ ಆಟ ಆಡುತ್ತೆ, ಅಷ್ಟೇ" ಎಂದಳು ಕೊಯಮತ್ತೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಗೆಳತಿ.

"ಅವನಿಗೇ ಗೊತ್ತಿಲ್ಲದ ದಾರಿ ಮೆದುಳಿಗೆ ಹೇಗೆ ಗೊತ್ತಾಯ್ತು?" ಎಂದೆ. ಅವಳು ನಕ್ಕಳು.

ಅಷ್ಟರಲ್ಲಿ ಮಂಜು ಇಳಿಯಿತು. ಮೊದಲು ಹೊಲ ಮರೆಯಾಯಿತು, ಆಮೇಲೆ ನಾನು ಕೂತ ಬಂಡೆಯ ಬುಡ. ಕೂಗುತ್ತಿದ್ದ ನವಿಲು ಥಟ್ಟನೆ ನಿಲ್ಲಿಸಿತು. ಬಲಗಡೆ ಹುಣಸೆಮರದ ದಿಕ್ಕಿನಿಂದ ಅವ್ವ ಕರೆದಳು.

"ಇತ್ತಗಿಂದ ಬಾ ಕಣವ್ವಾ!"

ತುಸು ಹೊತ್ತಿಗೆ ಮತ್ತೊಮ್ಮೆ ಕರೆದಳು. ಬೆಳಿಗ್ಗೆ ಜೀರಹಳ್ಳಿಯ ಚಿಕ್ಕಮ್ಮನ ಮನೆಗೆ ಹೋಗಿದ್ದವಳು ಆಗಲೇ ಬಂದಳಲ್ಲ ಅಂದುಕೊಂಡೆ.

"ನಿಮ್ಮಮ್ಮ ಕರೀತಿದ್ದಾರೆ, ಹೋಗು" ಎಂದಳು ಗೆಳತಿ. ಅವಳಿಗೆ ಕನ್ನಡ ಬಾರದು. ಫೋನಿನಲ್ಲಿ ದನಿ ಕೇಳಿಸಿತ್ತು.

ಯಾವಾಗಲೂ ನಾನು ಇಳಿಯುತ್ತಿದ್ದುದು ಎಡಗಡೆಯ ಹೊಲದ ದಾರಿಯಲ್ಲಿ. ಹುಣಸೆಮರದ ಕಡೆಯದು ಕಲ್ಲುಮುಳ್ಳಿನ ಸುತ್ತುದಾರಿ. ಅವ್ವ ಕರೆದಳಲ್ಲ ಎಂದು ಅತ್ತಲೇ ಇಳಿದೆ. "ಬಂದೆ" ಎಂದು ಕೂಗಿದೆ. ಉತ್ತರವಿಲ್ಲ. ಮರದ ಕೆಳಗೆ ಯಾರೂ ಇರಲಿಲ್ಲ. ಅಲ್ಲಿ ನಿಂತಾಗಲೇ ಆ ಕಡೆ ಹೊಲದೊಳಗೆ ಏನೋ ಲಟಕ್ಕನೆ ಮುರಿದ ಸದ್ದು, ಹಿಂದೆಯೇ ದಪ್ಪನೆಯ ಗುಡುಗುಟ್ಟುವ ಉಸಿರು ಕೇಳಿತು. ಆನೆಯ ವಾಸನೆ ಮಂಜಿನ ಜೊತೆ ತೇಲಿ ಬಂತು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಸದ್ದಾಗದಂತೆ ನಡೆದೆ.

ಮನೆಗೆ ಬೀಗ ಹಾಕಿತ್ತು. ಜಗಲಿಯ ಮೇಲೆ ಕೂತಿದ್ದಾಗ ಅವ್ವ ಕೈಚೀಲ ಹಿಡಿದುಕೊಂಡು ರಸ್ತೆಯ ಕಡೆಯಿಂದ ಬಂದಳು.

"ನೀ ಕರೀಲಿಲ್ವಾ?"

"ನಾನು ಈಗ ಬಸ್ಸಿಳ್ದು ಬತ್ತಾವ್ನಿ ಕಣ. ಯಾಕವ್ವಾ, ಮೊಕ ಇಂಗಾಗದೆ?"

ಹೇಳಿದೆ. ಬೀಗ ತೆಗೆಯುತ್ತಿದ್ದ ಅವಳ ಕೈ ನಿಂತಿತು. "ಎಷ್ಟ್ ಸಲ ಕರೀತು?"

"ಎರಡು ಸಲ."

"ಅಂಗಾದ್ರೆ ವಾಸಿ. ಕೆಟ್ಟ ಗಾಳಿಯಾದ್ರೆ ಒಂದೇ ಸಲ ಕರೆಯೋದು. ಅದ್ನ ಬುಟ್ಬುಡು, ಒಳಕ್ ಬಾ" ಎಂದು ದೀಪ ಹಾಕಿದಳು.

ಬೆಳಿಗ್ಗೆ ಹೋಗಿ ನೋಡಿದೆವು. ನಾನು ಯಾವಾಗಲೂ ಇಳಿಯುವ ದಾರಿಯ ಮೇಲೆಯೇ ಆನೆ ನಿಂತು ರಾಗಿ ತಿಂದಿತ್ತು. ಹುಣಸೆಮರದ ಕೆಳಗಿನ ಒದ್ದೆ ಮಣ್ಣಿನಲ್ಲಿ ನನ್ನ ಹೆಜ್ಜೆಗಳು ಮಾತ್ರ ಇದ್ದವು. ಅವ್ವ ಅಲ್ಲೊಂದು ಕರ್ಪೂರ ಹಚ್ಚಿ ಕೈಮುಗಿದಳು, ಯಾರಿಗೆಂದು ಹೇಳಲಿಲ್ಲ.

ಮುಂದಿನ ಭಾನುವಾರ ತಾಳವಾಡಿಗೆ ಹೋಗಿ, ಬಸ್ ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯಲ್ಲಿ ಕೂತು ಕೂಟಕ್ಕೆ ಸೇರಿಕೊಂಡೆ. ನಡೆದದ್ದನ್ನೆಲ್ಲ ಹೇಳಿದೆ. ಯಾರೂ ನಗಲಿಲ್ಲ.

"ನಿನಗೆ ಆ ದನಿ ಎಷ್ಟು ಸಲ ಕೇಳಿಸ್ತು?" ಎಂದು ಗೆಳತಿಯನ್ನು ಕೇಳಿದೆ.

"ಒಂದೇ ಸಲ" ಎಂದಳು. "ಆದ್ರೆ ಕನ್ನಡ ಅಲ್ಲ. ತಮಿಳಲ್ಲಿ ಕರೆದ್ರು. ಅದಕ್ಕೇ ನಂಗೆ ಅರ್ಥ ಆಯ್ತು."

ಅದನ್ನು ನಾನು ಅವ್ವನಿಗೆ ಹೇಳಿಲ್ಲ. ಮಂಜು ಬಿದ್ದ ಸಂಜೆ ಅವಳೂ ಈಗ ದೂರದಿಂದ ನನ್ನನ್ನು ಕೂಗುವುದಿಲ್ಲ. ಹತ್ತಿರ ಬಂದು, ಭುಜ ಮುಟ್ಟಿ, ಆಮೇಲೆ ಮಾತಾಡುತ್ತಾಳೆ.