ರೊಟ್ಟಿ ಇಲ್ಲದ ಒಂದು ಮಧ್ಯಾಹ್ನ

ಚಂದಾಪುರದ ಆ ರೈತರ ಸಭೆಗೆ ನಾನು ಹೋಗಿದ್ದು ಫ್ಯಾನಿನ ಗಾಳಿಗಾಗಿ. ಸಂತೆ ಮುಗಿದಿತ್ತು, ಐನಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಒಳಗೆ ಒಬ್ಬ ಅಧಿಕಾರಿ, ಅಕ್ಕಿ ಗೋಧಿಯನ್ನಷ್ಟೇ ನಂಬಿ ಕೂತರೆ ನಾಳೆ ದೇಶಕ್ಕೆ ಕಷ್ಟ, ಆಲೂಗಡ್ಡೆಯನ್ನು ಪಲ್ಯ ಅನ್ನಬೇಡಿ, ಅದೇ ಊಟ ಅನ್ನಿ ಎಂದರು. ಕಡಿಮೆ ದಿನ, ಕಡಿಮೆ ಜಾಗ, ತುಂಬ ಹೊಟ್ಟೆ! ನನಗೆ ತಲೆ ತಿರುಗಿತು. ದೇಶದ ಹೊಟ್ಟೆಯನ್ನು ಅಲ್ಲಿಯವರೆಗೆ ಯಾರೂ ನನ್ನ ಕೈಗೆ ಕೊಟ್ಟಿರಲಿಲ್ಲ. ಊರಲ್ಲಿ ಬಸ್ಸಿಳಿದಾಗ ಚೀಲದ ತುಂಬ ಬಿತ್ತನೆಯ ಗಡ್ಡೆ. ಅತ್ತೆ ತರಲು ಹೇಳಿದ್ದ ಬೆಲ್ಲ ಮರೆತೇ ಹೋಗಿತ್ತು.

"ರೊಟ್ಟಿ ಇಲ್ಲಂದ್ರ ಆಲೂಗಡ್ಡಿ ಯಾತಕ್ಕ ಹಚ್ಕೊಂಡು ತಿಂತಿ?" ಎಂದರು ಅತ್ತೆ, ನಾನು ಅಧಿಕಾರಿಯ ಮಾತು ಒಪ್ಪಿಸಿದ ಮೇಲೆ.

ನನ್ನ ಕಣ್ಣು ಬಿದ್ದಿದ್ದು ಬಾವಿಯ ಪಕ್ಕದ ಅರ್ಧ ಎಕರೆಯ ಮೇಲೆ. ಮಣ್ಣು ಸಡಿಲ, ನೀರು ಹತ್ತಿರ. ಆದರೆ ಅದು ಅತ್ತೆಯ ತುಂಡು. ಮನೆಗೆ ಉಣ್ಣುವ ಬಿಳಿಜೋಳ ಅಲ್ಲೇ ಬೆಳೆಯುತ್ತಿತ್ತು, ಅದಕ್ಕೆ ಇನ್ನೊಬ್ಬರು ಕೈ ಹಚ್ಚುವಂತಿರಲಿಲ್ಲ. ನಾನು ಎರಡು ದಿನ ಬೆನ್ನು ಹತ್ತಿದ ಮೇಲೆ ಅತ್ತೆ ಒಂದು ಷರತ್ತು ಹಾಕಿದರು.

"ಈ ವರ್ಷ ನಾಕ ಸಾಲು ಹಾಕು. ಬೆಳದ ಮ್ಯಾಲ ಒಂದು ಹೊತ್ತು ಮನಿ ಮಂದಿಗೆಲ್ಲ ಅದನ್ನೇ ನೀಡು. ಒಬ್ಬರೂ ರೊಟ್ಟಿ ಬೇಡಲಿಲ್ಲಂದ್ರ ಬರೋ ವರ್ಷ ಆ ತುಂಡು ನಿಂದು."

ಗಡ್ಡೆ ಹೋಳು ಮಾಡುವಾಗ ಒಂದೊಂದು ಹೋಳಿಗೂ ಕಣ್ಣು ಉಳಿಯಬೇಕು, ಅಲ್ಲಿಂದಲೇ ಮೊಳಕೆ. "ಮಣ್ಣಾಗ ಹುಗದ ಮ್ಯಾಲ ಕಣ್ಣಿಲೆ ಅದೇನ್ ನೋಡ್ತದವಾ?" ಎಂದು ಅತ್ತೆ ನಕ್ಕರು. ನೋಡುವ ಚಟ ಇದ್ದದ್ದು ನನಗೆ. ತೊಗರಿ ಬೆಳೆದ ಮಂದಿ ನಾವು, ಕಾಯಿ ಕಟ್ಟಿದ್ದು ಎದುರಿಗೆ ಕಾಣಬೇಕು. ಇದೋ ಒಳಗೊಳಗೇ ಬಲಿಯುವ ಕಳ್ಳ ಬೆಳೆ. ದಿನಾ ಬುಡ ಕೆದರಿ ನೋಡಿ, ಗೋಲಿಯಷ್ಟಾಗಿದೆ ಎಂದು ಕುಣಿಯುತ್ತ ಮಣ್ಣು ಮುಚ್ಚುತ್ತಿದ್ದೆ. "ಕೂಸಿಗಿ ಮಲಗಾಕರ ಬಿಡು" ಎಂದು ಗಂಡ ಬೈದ.

ಕಿತ್ತ ದಿನ ಬುಟ್ಟಿ ಹೊತ್ತು ತರುವಾಗ ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಒಲೆಯ ಮೇಲೆ ಹಂಚು ಏರಲಿಲ್ಲ. ಬೇಯಿಸಿದ ಆಲೂಗಡ್ಡೆ, ಮೇಲೆ ಬೆಣ್ಣೆ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಗಟ್ಟಿ ಮೊಸರು. ಗಂಡ ಗಬಗಬ ತಿಂದ, ಮತ್ತೆ ನೀಡಿಸಿಕೊಂಡ, ಕೊನೆಗೆ ದೊಡ್ಡದೊಂದು ತೇಗು ತೇಗಿದ. ಅತ್ತೆ ಕೂಡ ತಾಟು ಬಳಿದು ತಿಂದರು, ನಾನೂ ಹೊಟ್ಟೆ ತುಂಬ ತಿಂದೆ. ಯಾರ ಬಾಯಲ್ಲೂ ರೊಟ್ಟಿಯ ಮಾತಿಲ್ಲ. ಗೆದ್ದೆ! ತಾಟು ಎತ್ತುವಾಗಲೇ ಮನಸ್ಸಿನಲ್ಲಿ ಬಾವಿಯ ಪಕ್ಕ ಸಾಲು ಹೊಡೆಯಲು ಶುರುಮಾಡಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ಖಾಲಾ ಮಜ್ಜಿಗೆಗೆಂದು ಚೊಂಬು ಹಿಡಿದು ಬಂದರು. ಯಾರ ಬಾಗಿಲಿಗೆ ಹೋದರೂ ಕೇಳುವ ಮಾತನ್ನೇ ಕೇಳಿದರು.

"ಊಟ ಆತೇನವಾ?"

ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂದೆ, "ಎಲ್ಲೀದ್ರೀ ಖಾಲಾ, ಇನ್ನಾ ಆಗಿಲ್ಲ."

ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತ ಉರುಳಾಡಿದ. ನಾನು ನಾಲಿಗೆ ಕಚ್ಚಿಕೊಂಡರೆ ಏನು ಬಂತು? ರೊಟ್ಟಿ ಮುರಿಯದೆ ಊಟ ಆಯ್ತು ಅಂತ ನಾನು ಹುಟ್ಟಿದಾಗಿನಿಂದ ಅಂದಿಲ್ಲ. ನಾಚಿಕೆಯಿಂದ ಮುಖ ಕೆಂಪಾಯಿತು, ಅರ್ಧ ಎಕರೆ ಹೋಯಿತಲ್ಲ ಎಂದು ಅಳುವೂ ಬಂತು, ಅದರ ನಡುವೆಯೇ ನಗು ತಡೆಯಲಾಗಲಿಲ್ಲ.

ಅತ್ತೆ ಗೆದ್ದ ಗತ್ತಿನಲ್ಲಿ ಎದ್ದರು. ಹಂಚು ಏರಿತು, ಪಟಪಟ ರೊಟ್ಟಿ ಬಡಿದರು. ಮೊದಲನೆಯದು ನನ್ನ ತಾಟಿಗೆ ಬಿತ್ತು, ಒಂದು ತುತ್ತಿನ ಮೇಲೆ ಇಳಿಯಲಿಲ್ಲ. ಗಂಡ ಮುರಿದು ಹಾಗೇ ಇಟ್ಟ. ಅತ್ತೆ ತಾವೂ ಒಂದು ಚೂರು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಖಾಲಾ ಒಬ್ಬರೇ, ಉಳಿದ ಆಲೂಗಡ್ಡೆ ಹಚ್ಚಿಕೊಂಡು ಎರಡು ರೊಟ್ಟಿ ಉಂಡು, ಭಾಳ ಛಲೋ ಪಲ್ಯ ಎಂದರು.

ಅತ್ತೆ ಅಗಿಯುವುದು ಮುಗಿಸಿ ನನ್ನ ಕಡೆ ನೋಡಿದರು.

"ತುಂಡಿನ್ಯಾಗ ಅರ್ಧ ಆಲೂಗಡ್ಡಿ ಹಾಕ್ಕೋ. ಆದ್ರ ಊಟ ಆತೇನಂತ ಯಾರರ ಕೇಳಿದ್ರ ನೀ ಮಾತ್ರ ಬಾಯಿ ಮುಚ್ಕೊಂಡು ನಿಂದ್ರು."