ಸಾಲಿನಿಂದ ಕೈಬಿಟ್ಟ ಮಕ್ಕಳು

“ನಿಂದ್ರ ಗೌರಿ, ನಿನ್ನ ಪುಸ್ತಕದಾಗ ಏನೋ ಬಿಟ್ಟಾರ,” ಎಂದಳು ಪಕ್ಕದ ಮನೆಯ ಸಲ್ಮಾ, ದಪ್ಪ ಪುಸ್ತಕದ ಮೇಲೆ ಬೆರಳಿಟ್ಟು. ತೆಳ್ಳನೆಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದ ನನ್ನ ಮೊಮ್ಮಗಳು ತಟ್ಟನೆ ನಿಲ್ಲಿಸಿದಳು.

ಸವಣೂರಿನ ನಮ್ಮ ಮನೆಯಲ್ಲೇ ಇಬ್ಬರಿಗೂ ಹೋಮ್‌ಸ್ಕೂಲಿಂಗ್, ನಾನೇ ಟೀಚರ್. ರೋಮನ್ ಸೇನಾಪತಿಯೊಬ್ಬನ ಬಯಾಗ್ರಫಿ ಓದಿಸಲೆಂದು ಎರಡು ಎಡಿಷನ್ ತರಿಸಿದ್ದೆ. ಒಂದು ಮಕ್ಕಳಿಗಾಗಿ ಚಿತ್ರ ಹಾಕಿ ಚಿಕ್ಕದು ಮಾಡಿದ್ದು, ಇನ್ನೊಂದು ಪೂರ್ತಿಯದು. ಪೂರ್ತಿಯದರಲ್ಲಿ ಕ್ರೌರ್ಯ ಬಹಳ, ಅದನ್ನು ರಿಟರ್ನ್ ಮಾಡಿಬಿಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಇವರು ಎರಡನ್ನೂ ತೆರೆದು ಹೀಗೆ ಕುಳಿತಿದ್ದರು. ಸಲ್ಮಾಳ ಮನೆಯಲ್ಲಿ ಒಬ್ಬರು ಕುರಾನ್ ಪಾಠ ಒಪ್ಪಿಸಿದರೆ ಇನ್ನೊಬ್ಬರು ಸಾಲಿನ ಮೇಲೆ ಬೆರಳಾಡಿಸುತ್ತಾರೆ, ಒಂದಕ್ಷರವೂ ತಪ್ಪಕೂಡದು. ಅವಳಿಗೆ ಓದುವುದೆಂದರೆ ಹಾಗೆಯೇ.

ತೆಳ್ಳನೆಯದರಲ್ಲಿ ಊರು ಶರಣಾಯಿತು ಎಂದಷ್ಟೇ ಇತ್ತು. ದಪ್ಪನೆಯದರಲ್ಲಿ ಆ ಊರಿನ ಮಕ್ಕಳನ್ನು ತಾಯಂದಿರಿಂದ ಬಿಡಿಸಿ ಮಾರಿದ ಸಂಗತಿಯಿತ್ತು.

“ಅಜ್ಜಿ, ಈ ಹುಡುಗೂರ್ನ ಇದ್ರಾಗಿಂದ ಯಾರು ತಗದ್ರು?” ಎಂದಳು ಗೌರಿ.

“ನೀವು ಸಣ್ಣಾವ್ರು, ಅಂಜ್ತೀರಿ ಅಂತ ತಗದಿರಬೇಕವ್ವ.”

“ಅಂಜಿದ್ರ ಅಂಜ್ತೀವಿ ಅಜ್ಜಿ,” ಎಂದಳು ಸಲ್ಮಾ. “ಅವ್ರನ್ನ ಬಿಡಬಾರದ್ರಿ.”

ಕಾನ್ವೆಂಟಿನಲ್ಲಿ ನಾವು ಓದಿದ್ದೆಲ್ಲ ಆ ತೆಳ್ಳನೆಯ ಜಾತಿಯ ಪುಸ್ತಕಗಳೇ. ಅವುಗಳಲ್ಲಿ ಎಷ್ಟು ಮಕ್ಕಳು ಕಾಣೆಯಾಗಿದ್ದರೋ, ನನಗೆ ಕೇಳಬೇಕೆಂದೇ ಹೊಳೆದಿರಲಿಲ್ಲ. ರಿಟರ್ನ್ ಆದದ್ದು ಚಿತ್ರದ ಪುಸ್ತಕ. ಈಗ ದಪ್ಪನೆಯದನ್ನು ಓದುವಾಗ ಎಲ್ಲಾದರೂ ನನ್ನ ದನಿ ನಡುಗಿದರೆ, ಇಬ್ಬರೂ ಸುಮ್ಮನೆ ನನ್ನ ಹತ್ತಿರಕ್ಕೆ ಸರಿದು ಕೂರುತ್ತಾರೆ, ನಾನು ಅಂಜಬಾರದೆಂದು.