ನಾಲ್ಕನೆಯ ಬೆಸುಗೆ

ಬೈಲಹೊಂಗಲದ ನಮ್ಮ ಹಿತ್ತಲ ಬಾವಿಯ ನೀರಿನ ಮಟ್ಟವನ್ನು ಕಂಪ್ಯೂಟರಿನಲ್ಲಿ ತೋರಿಸುವ ಯುಎಸ್‌ಬಿ ಡಬ್ಬಿಯೊಂದನ್ನು ನನ್ನ ಸೋದರಮಾವನ ಮಗ ಕೈಯಾರೆ ಮಾಡಿದ್ದ. ಮುನವಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುವವನು ಅವನು. ಡಬ್ಬಿಯ ಮಾತು ಕಂಪ್ಯೂಟರಿಗೆ ತಿಳಿಯುವಂತೆ ಡ್ರೈವರ್ ಎಂಬ ಪ್ರೋಗ್ರಾಂ ಬರೆಯುವುದು ಇಂಜಿನಿಯರಿಂಗ್ ಓದಿದ ನನ್ನ ಪಾಲಿಗೆ ಬಂತು.

ಡ್ರೈವರ್ ಬರೆದು ಸಿಕ್ಕಿಸಿದರೆ ಡಬ್ಬಿ ನಡೆಯಲಿಲ್ಲ. "ನಿನ್ನ ಸೋಲ್ಡರಿಂಗ್ ಸರಿ ಇಲ್ಲ" ಅಂದೆ. "ಇರಬೇಕಪಾ, ತಪ್ಪು ನಂದ" ಎಂದು ಅವನು ಡಬ್ಬಿ ಒಯ್ದು, ಮತ್ತೆ ಬೆಸೆದು, ಮುಂದಿನ ರವಿವಾರ ತಂದ. ಮೂರು ಸಲ ಹೀಗೇ ಆಯಿತು. ಪ್ರತಿ ಸಲವೂ ಅವ್ವ ತನ್ನ ಅಣ್ಣನ ಮಗನ ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿ, "ಇವನ ಕೈಯಾಗ ಏನೋ ಐತಿ ನೋಡ" ಎನ್ನುತ್ತಿದ್ದಳು. ನಡೆಯದ ಡಬ್ಬಿ ತಂದವನಿಗೂ ಬೆಣ್ಣೆ! ನನ್ನ ಹೊಟ್ಟೆ ಉರಿಯುತ್ತಿತ್ತು.

ಮೂರನೆಯ ಸಲ ಡಬ್ಬಿ ನಮ್ಮಲ್ಲೇ ಉಳಿದಿತ್ತು; ಒಂದು ಮಧ್ಯಾಹ್ನ ತಪ್ಪು ಸಿಕ್ಕಿತು. ಡಬ್ಬಿ ತನ್ನ ಗುರುತಿನ ಸಂಖ್ಯೆಯನ್ನು ಸರಿಯಾಗಿಯೇ ಹೇಳುತ್ತಿತ್ತು. ಅದನ್ನು ಡ್ರೈವರಿನಲ್ಲಿ ಬರೆಯುವಾಗ ನಾನೇ ಒಂದು ಅಂಕಿ ತಪ್ಪಿದ್ದೆ; ಅದಕ್ಕೇ ಕಂಪ್ಯೂಟರ್ ಡಬ್ಬಿಯನ್ನು ಗುರುತಿಸುತ್ತಿರಲಿಲ್ಲ. ಸದ್ದಿಲ್ಲದೆ ತಿದ್ದಿದೆ. ಒಪ್ಪಿಕೊಳ್ಳಲು ಮಾತ್ರ ಮನಸ್ಸು ಬರಲಿಲ್ಲ. ರವಿವಾರ ಅವನು ಬಂದಾಗ, "ಇನ್ನೊಮ್ಮೆ ಸೋಲ್ಡರ್ ಮಾಡ" ಅಂದೆ. ನಮ್ಮ ಪಡಸಾಲೆಯಲ್ಲೇ ಕುಳಿತು ನಾಲ್ಕನೆಯ ಸಲ ಬೆಸೆದ. ಬಾವಿಗೆ ಇಳಿಬಿಟ್ಟ ತಂತಿ ಜೋಡಿಸಿ ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದ್ದೇ ತಡ, ಬಾವಿಯ ನೀರಿನ ಮಟ್ಟ ಪರದೆಯ ಮೇಲೆ ಬಂತು.

ಅವ್ವ ದೇವರ ಮನೆಯಿಂದ ವಿಭೂತಿ ತಂದು ಡಬ್ಬಿಗೆ ಹಚ್ಚಿದಳು, ಅವನ ಎರಡೂ ಕೈಗಳಿಗೆ ಹಚ್ಚಿದಳು. ಆಮೇಲೆ ನನ್ನತ್ತ ತಿರುಗಿ, "ಸುಮ್ಮನ ಯಾಕ ನಿಂತಿ? ಅವಗ ಒಂದು ತಂಬಿಗಿ ನೀರ ತಾ" ಎಂದಳು.

ತಂದುಕೊಟ್ಟೆ.